ತಿಮಿಂಗಿಲದ ಹೊಟ್ಟೆಯ ಮೇಲೆ ಬರೆದದ್ದು

ಮುಫೀದಾ ಶಾರ್ಕಿನ ಹಲ್ಲು ಒರೆಸುತ್ತಿದ್ದಳು. ಒದ್ದೆ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಒಂದೊಂದೇ ಹಲ್ಲು. ಶಾರ್ಕ್ ಎಂದರೆ ಸ್ಟೇಪ್ಲರ್. ಬೆನ್ನು ಒತ್ತಿದರೆ ಕಾಗದವನ್ನು ಕಚ್ಚುತ್ತದೆ. ಅದರ ಪಕ್ಕದಲ್ಲಿ ಟೇಪಿನ ಸುರುಳಿ ಹೊತ್ತ ಒಂಟೆ, ಮೈಯೆಲ್ಲ ಪೆನ್ನು ಚುಚ್ಚಿಸಿಕೊಂಡ ಮುಳ್ಳುಹಂದಿ, ಮೇಜಿನ ಮೇಲಿನ ರಬ್ಬರ್ ಪುಡಿ ನುಂಗುವ ಕೆಂಪು ಜೀರುಂಡೆ. ಮೇಜಿನ ಆಚೆ ಬದಿಯಲ್ಲಿ ಮೈಕಲ್ ಅವರು ತಮ್ಮ ಡ್ರಾಯರ್ ಖಾಲಿ ಮಾಡುತ್ತಿದ್ದರು. ಮುಫೀದಾ ತಲೆಯೆತ್ತಲಿಲ್ಲ.

ಮೈಕಲ್ ಅವರು ಕೆಲಸ ಕಳೆದುಕೊಂಡು ಊರಿಗೆ ಹೊರಟದ್ದು ತನ್ನಿಂದಾಗಿ. ಅದು ಅವಳಿಗೆ ಗೊತ್ತು. ಅವರಿಗೆ ಗೊತ್ತಿಲ್ಲ.

ಒಮಾನಿನ ಮಸ್ಕತ್‌ನಲ್ಲಿ, ಘಾಲಾದ ಆ ಗೋದಾಮಿಗೆ ಇಂಥ ಮೋಜಿನ ಮೇಜುಸಾಮಾನು ಪೆಟ್ಟಿಗೆಗಟ್ಟಲೆ ಬಂದಿಳಿಯುತ್ತಿತ್ತು. ಅಂಗಡಿಯವರಿಗೆ ತೋರಿಸುವ ಸ್ಯಾಂಪಲ್‌ಗಳು ಮೈಕಲ್ ಅವರ ವಶದಲ್ಲಿ. ವ್ಯಾನಿನಲ್ಲಿ ರುಸ್ತಾಕ್, ಬುರೈಮಿಯ ಅಂಗಡಿಗಳಿಗೆ ಸರಕು ಮುಟ್ಟಿಸುವವರು ಮುಫೀದಾಳ ಸೋದರಮಾವ ಉಮರಬ್ಬ. ಶಾಲೆ ಬಿಟ್ಟು ಮನೆಯಲ್ಲಿ ಬೀಡಿ ಕಟ್ಟುತ್ತಿದ್ದ ಅವಳನ್ನು ವಿಟ್ಲದ ಕಡೆಯಿಂದ ಕರೆತಂದು ಇಲ್ಲಿ ಗುಡಿಸಿ ಒರೆಸುವ ಕೆಲಸಕ್ಕೆ ಸೇರಿಸಿದ್ದು ಅವರೇ.

ಈದ್ ಕಳೆದ ಮೇಲೆ ಸ್ಯಾಂಪಲ್‌ಗಳು ಕಾಣೆಯಾಗತೊಡಗಿದವು. ಮೊದಲು ಒಂದು ಒಂಟೆ. ಆಮೇಲೆ ಮುಳ್ಳುಹಂದಿಗಳ ಇಡೀ ಪೆಟ್ಟಿಗೆ. ಮ್ಯಾನೇಜರ್ ಹಿತಾ ಮೇಡಂ ಯಾರ ಹೆಸರನ್ನೂ ಎತ್ತಲಿಲ್ಲ. ಇನ್ನು ಮುಂದೆ ಉಮರಬ್ಬ ವ್ಯಾನಿನ ಕೀಲಿಯನ್ನು ಸಂಜೆ ತಮ್ಮ ಕೈಗೆ ಕೊಟ್ಟು ಹೋಗಬೇಕು ಎಂದರು, ಅಷ್ಟೇ. ಅದರ ಅರ್ಥ ಎಲ್ಲರಿಗೂ ಆಯಿತು. ಮಾಮನ ಕೆಲಸ ಹೋದರೆ ಅವರ ಹಿಂದೆಯೇ ಅವಳೂ ಊರಿಗೆ ಮರಳಬೇಕು.

ಮುಫೀದಾ ಧೈರ್ಯ ಮಾಡಿ ಮೈಕಲ್ ಅವರ ಮುಂದೆ ಹೋಗಿ ನಿಂತಳು. ಅವರು ಫೋನನ್ನು ಕಿವಿಗೆ ಒತ್ತಿಕೊಂಡು ಮಂಗಳೂರಿನಲ್ಲಿರುವ ಹೆಂಡತಿ ಆಲ್ಬಿನಾ ಜೊತೆ ಕೊಂಕಣಿಯಲ್ಲಿ ಮಾತಾಡುತ್ತಿದ್ದರು. ಆ ಭಾಷೆ ಬಲ್ಲವರು ಗೋದಾಮಿನಲ್ಲಿ ಬೇರಾರೂ ಇರಲಿಲ್ಲ. ಫೋನಿನಲ್ಲಿದ್ದಾಗ ಬಂದವರಿಗೆ ಉತ್ತರ ಕೊಡಲೆಂದು ಅವರು ತಿಮಿಂಗಿಲದ ಆಕಾರದ ಸ್ಲೇಟೊಂದನ್ನು ಇಟ್ಟುಕೊಂಡಿದ್ದರು. ಹೊಟ್ಟೆಯ ಮೇಲೆ ಬರೆಯುವುದು, ಬಾಲ ಎಳೆದರೆ ಅಳಿಸಿಹೋಗುವುದು.

"ಸರ್, ಸ್ಯಾಂಪಲ್ ತೆಗೆದದ್ದು ಯಾರು? ನಿಮಗೆ ಗೊತ್ತುಂಟಾ?"

ಅವರು ಆಲ್ಬಿನಾಳ ಮಾತಿಗೆ ಹೂಂಗುಡುತ್ತಲೇ ಇವಳ ಮುಖ ನೋಡಿದರು. ಒಂದೇ ಒಂದು ಅಕ್ಷರ ಬರೆದು ತೋರಿಸಿದರು.

ನಾ.

ಅವರು ಬಾಲ ಎಳೆದು ಮಾತು ಮುಂದುವರಿಸಿದರು. ತಪ್ಪನ್ನು ಇಷ್ಟು ನಿರಾಳವಾಗಿ ಒಪ್ಪಿಕೊಳ್ಳುವವರನ್ನು ಅವಳು ಈವರೆಗೆ ಕಂಡಿರಲಿಲ್ಲ.

ಅಂದೇ ಹಿತಾ ಮೇಡಂಗೆ ಹೇಳಿದಳು. ಕೂದಲು ನರೆತ ಮನುಷ್ಯ, ಕರೆದು ಕೇಳಿ ಮರ್ಯಾದೆ ತೆಗೆಯುವುದು ಬೇಡ. ಹೇಗೂ ಕಾಂಟ್ರಾಕ್ಟ್ ಮುಗಿಯುತ್ತ ಬಂದಿದೆ, ರಿನ್ಯೂ ಮಾಡದಿದ್ದರಾಯಿತು. ಈ ವಿಷಯ ಅವರ ಕಿವಿಗೂ ಬೀಳಬಾರದು ಎಂದರು ಮೇಡಂ. ಮರುದಿನ ವ್ಯಾನಿನ ಕೀಲಿ ಉಮರಬ್ಬರ ಜೇಬಿಗೆ ಮರಳಿತು.

ಮಾಮನಿಗೆ ಮಾತ್ರ ಮುಫೀದಾ ಹೇಳದೆ ಇರಲಾಗಲಿಲ್ಲ. ಅವರು ಸುಲೈಮಾನಿ ಚಹಾ ಕುಡಿಯುತ್ತಿದ್ದರು. ಲೋಟ ಬಾಯಿಯ ಹತ್ತಿರ ಹೋಗಿ ನಿಂತಿತು.

"ನಾನು ಅಂತ ಅವರೇ ಹೇಳಿದ್ರಾ?"

"'ನಾ' ಅಂತ ಬರೆದೇ ತೋರಿಸಿದ್ರು ಮಾಮ."

ಉಮರಬ್ಬ ಲೋಟ ಕೆಳಗಿಟ್ಟರು. "ಖಲಾಸ್. ಇನ್ನು ಆ ಸುದ್ದಿ ಎತ್ತಬೇಡ."

ಅಂದಿನಿಂದ ಮಾಮ ಮೈಕಲ್ ಅವರಿಗೆ ರುಸ್ತಾಕ್‌ನಿಂದ ಹಲ್ವಾ ತಂದುಕೊಟ್ಟರು, ಅವರ ಚೀಲವನ್ನು ತಾವೇ ಹೊತ್ತರು. ಕಳ್ಳನನ್ನೂ ಕ್ಷಮಿಸುವ ಆ ಮನಸ್ಸು ಕಂಡು ಮುಫೀದಾಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ತನ್ನನ್ನು ನಂಬಿ ನಿಜ ಬರೆದವರನ್ನು ತಾನು ಹಿಡಿದುಕೊಟ್ಟಿದ್ದಳು.

"ಶಾರ್ಕ್ ಕೂಡ ನಗಾಡ್ತದೆ ನೋಡು ಮಾರಾಯ್ತಿ, ನೀನು ಹಲ್ಲು ತಿಕ್ಕಿದ್ರೆ," ಎಂದರು ಮೈಕಲ್, ಖಾಲಿ ಡ್ರಾಯರ್ ಮುಚ್ಚುತ್ತ. ಮುಫೀದಾ ಬಟ್ಟೆ ಹಿಂಡಿದಳು.

ವಿಮಾನ ನಿಲ್ದಾಣಕ್ಕೆ ಬೇರೆ ಗಾಡಿ ಬೇಡ, ನಾನೇ ಬಿಡುತ್ತೇನೆಂದು ಉಮರಬ್ಬ ಹಟ ಹಿಡಿದಿದ್ದರು. ಮುಫೀದಾಳ ಜೊತೆಗೆ ಮೈಕಲ್ ಅವರ ತಂಗಿಯ ಮಗಳು, ಮಸ್ಕತ್‌ನಲ್ಲೇ ಆಫೀಸು ಕೆಲಸದಲ್ಲಿದ್ದ ಐಡಾಳೂ ಬಂದಳು. ಒಳಗೆ ಹೋಗುವ ಮುನ್ನ ಉಮರಬ್ಬ ಮೈಕಲ್ ಅವರ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ನೆಲ ನೋಡುತ್ತ ನಿಂತುಬಿಟ್ಟರು.

"ಎಂತ ಉಮರಬ್ಬ," ಎಂದು ನಕ್ಕರು ಮೈಕಲ್. "ಊರಿಗೆ ಹೋಗುವವ ನಾನೋ, ನೀವೋ?"

ಹಿಂದಿರುಗುವಾಗ ಐಡಾಳ ಫೋನ್ ರಿಂಗಣಿಸಿತು. ಆಲ್ಬಿನಾ. ಐಡಾ ಕೇಳಿಸಿಕೊಂಡಳು, ನಿಟ್ಟುಸಿರು ಬಿಟ್ಟಳು. "ನಾ, ಆಂಟಿ. ನಾ," ಎಂದು ಫೋನಿಟ್ಟಳು.

ಮುಫೀದಾ ಮುಂದಿನ ಸೀಟಿನಿಂದ ಮೆಲ್ಲನೆ ಹಿಂದಕ್ಕೆ ತಿರುಗಿದಳು. "'ನಾ' ಅಂದ್ರೆ ಎಂತ ಅಕ್ಕ?"

"ಇಲ್ಲ ಅಂತ, ನಮ್ಮ ಕೊಂಕಣಿಯಲ್ಲಿ. ಅಂಕಲಿನ ಕಾಂಟ್ರಾಕ್ಟ್ ಯಾಕೆ ನಿಂತಿತು, ನಿಂಗೆ ಗೊತ್ತುಂಟಾ ಅಂತ ಕೇಳಿದ್ರು ಆಂಟಿ. ನನಗೆಲ್ಲಿ ಗೊತ್ತು?"

ಐಡಾ ತನ್ನ ಫ್ಲಾಟಿನ ಮುಂದೆ ಇಳಿದುಹೋದಳು. ವ್ಯಾನು ಮತ್ತೆ ಹೊರಟಿತು. ಉಮರಬ್ಬರ ಬೆರಳುಗಳು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದಿದ್ದವು.

"ಹಾಗಾದ್ರೆ," ಎಂದರು ಅವರು, ರಸ್ತೆಯಿಂದ ಕಣ್ಣು ಕೀಳದೆ, "ನಾನು ತೆಗೆದದ್ದು ಅವರಿಗೆ ಗೊತ್ತೇ ಇರ್ಲಿಲ್ವಾ? ನನ್ನನ್ನು ಉಳಿಸ್ಲಿಕ್ಕೆ ಹಾಗೆ ಬರೆದದ್ದಲ್ಲ."

ಮುಫೀದಾ ಅವರನ್ನೇ ನೋಡಿದಳು. ವಿಮಾನ ಹೊರಡಲು ಇನ್ನೂ ಹೊತ್ತಿತ್ತು.

"ಗಾಡಿ ತಿರುಗಿಸಿ ಮಾಮ."

ನಿಲ್ದಾಣಕ್ಕೆ ಮರಳುವ ತಿರುವು ಎದುರಾಯಿತು, ಹಿಂದೆ ಸರಿಯಿತು.

"ಮಾಮ, ಗಾಡಿ ತಿರುಗಿಸಿ."