ಮುದುಕನ ಕತ್ತರಿ

"ಇದೇನು ತೋಟಾನಾ, ಬಾಚಣಿಗೆ ಕಾಣದ ತಲೇನಾ?" ಸಲೂನು ನಡೆಸುವ ಮುದುಕ ಮೂಗು ಮುರಿಯುತ್ತಾ ಕತ್ತರಿ ಹಿಡಿದು ಸೊಸೆಯ ಹಿತ್ತಿಲಿಗೆ ಇಳಿದ. ಚಳಿಗಾಲ ಬಂದರೂ ಒಣಗಿದ ಸೂರ್ಯಕಾಂತಿಗಳನ್ನು ಹಾಗೇ ನಿಲ್ಲಿಸಿದ್ದಾಳೆ, ಸೋಮಾರಿ! ಪಕ್ಕದ ಮನೆಯವನು ಆಗಲೇ ಎಲ್ಲ ಕತ್ತರಿಸಿ ಗುಡಿಸಿಯೂ ಆಗಿತ್ತು.

"ಒಣಗಿದ್ದಕ್ಕೂ ಒಂದು ಚೆಂದ ಇರುತ್ತೆ ಮಾವ," ಎಂದಳು ಸೊಸೆ.

"ಇರುತ್ತೆ, ಇರುತ್ತೆ. ನನ್ನ ಗಿರಾಕಿಗಳ ತಲೆಹೊಟ್ಟಲ್ಲೂ ಇರುತ್ತೆ!"

ಕತ್ತರಿಸುವ ಮುನ್ನ ಗಾಳಿಯಲ್ಲಿ ಕಚಕಚ ಎನ್ನಿಸುವುದು ಅವನ ಕೈಯ ಚಾಳಿ. ಇಂದು ಬಾಯಿ ತೆರೆದ ಕತ್ತರಿ ಸದ್ದಿಲ್ಲದೆ ನಿಂತಿತು. ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾದ ಹೂವಿಗೆ ಪುಟ್ಟ ಹಕ್ಕಿಯೊಂದು ತಲೆಕೆಳಗಾಗಿ ಜೋತುಬಿದ್ದು ಬೀಜ ಕೀಳುತ್ತಿತ್ತು. ಅದು ಕುಕ್ಕಿದಾಗಲೆಲ್ಲ ಬಿಳಿ ಪುಡಿ ಬಿಸಿಲಲ್ಲಿ ಮಿನುಗಿ ಉದುರುತ್ತಿತ್ತು.

ಮುದುಕ ಮೆಲ್ಲಗೆ ಕತ್ತರಿಯನ್ನು ಜೇಬಿಗಿಳಿಸಿದ. ಗೋಡೆಯಾಚೆ ಇಣುಕಿ ಪಿಸುಗುಟ್ಟಿದ: "ಥೂ, ಕೆಲಸ ಬರದವನು! ಪೂರ್ತಿ ಬೋಳಿಸಿಬಿಟ್ಟಿದ್ದಾನೆ."