ಕೆಂಪು ಗರಿಯ ಬಾಣ

ಹಲಸಿನ ಮೇಣ ಕೈಗಂಟಿದರೆ ಇಂದಿಗೂ ಕಾಪುವಿನ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ತಮ್ಮನ ಜ್ವರ ಬಿಡಲೆಂದು, ಅವನೇ ಸಾಕಿದ ಕೆಂಪು ಹುಂಜವನ್ನು ಅಜ್ಜ ಭೂತಕ್ಕೆ ಹರಕೆ ಹೇಳಿಕೊಂಡಿದ್ದರು. ಜ್ವರ ಬಿಟ್ಟಿತು, ಹರಕೆಯೂ ಸಂದಿತು. ಹುಂಜದ ವಿಷಯ ತಮ್ಮನಿಗೆ ಯಾರೂ ಹೇಳಲಿಲ್ಲ. ಅದರ ಕೆಲವು ಗರಿಗಳನ್ನು ಮಾತ್ರ ಅಜ್ಜ ತೆಗೆದಿಟ್ಟಿದ್ದರು.

ಜಗಲಿಯಲ್ಲಿ ಕುಳಿತು ಬಿದಿರಿನ ಕಡ್ಡಿ ಹೆರೆದು, ಅದರ ತುದಿಗೆ ಮೇಣ ಹಚ್ಚಿ ಗರಿ ಅಂಟಿಸಿದರು.

"ಎಲ್ಲ ಒಂದೇ ರೆಕ್ಕೆಯದ್ದು ಆಗಬೇಕು. ಇಲ್ಲದಿದ್ದರೆ ಬಾಣ ಓರೆ ಹೋಗ್ತದೆ," ಎಂದರು ನನಗೆ.

ಅಷ್ಟರಲ್ಲಿ ತಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದ.

"ನಿನಗೇ ಮಗಾ, ಬಿಟ್ಟು ನೋಡು," ಎಂದು ಅಜ್ಜ ಬಾಣ ಕೊಟ್ಟು, ಬಿದಿರಿನ ಬಿಲ್ಲನ್ನೂ ಮುಂದೆ ಹಿಡಿದರು.

ಅವನು ಬಿಲ್ಲನ್ನು ಮುಟ್ಟಲೇ ಇಲ್ಲ. ಗರಿಯನ್ನು ಬೆರಳಿನಿಂದ ಸವರಿದ. ಆಮೇಲೆ ಬಾಣವನ್ನು ಬಾಯಿಯ ಹತ್ತಿರ ತಂದು ಮೆಲ್ಲಗೆ ಕೇಳಿದ, "ತುಂಬ ನೋವಾಯ್ತಾ?"