ಅಪ್ಪನ ಶನಿವಾರ

“ಮನೆಯಲ್ಲಿ ಇವಳಿಗೆ ಅಭ್ಯಾಸ ಮಾಡಿಸುವುದು ಯಾರು?” ಎಂದು ಲವೀನಾ ಮಿಸ್ ಕೇಳಿದಾಗ ಮುರಳೀಕೃಷ್ಣನಿಗೆ ಒಳಗೊಳಗೇ ಹೆಮ್ಮೆಯಾಯಿತು. “ನಾನೇ” ಎಂದ.

“ಹಾಗಾದ್ರೆ ಸ್ವಲ್ಪ ಒಳಗೆ ಬನ್ನಿ.”

ಎರಡು ವರ್ಷದಿಂದ ಪ್ರತಿ ಶನಿವಾರ ಕಾಸರಗೋಡಿನ ವಿದ್ಯಾನಗರದಿಂದ ಮಂಗಳೂರಿನ ಈ ಬ್ಯಾಲೆ ನೃತ್ಯದ ತರಗತಿಗೆ ಮಗಳನ್ನು ಕರೆತರುತ್ತಿದ್ದರೂ ಅವನು ಒಮ್ಮೆಯೂ ಹೊಸ್ತಿಲು ದಾಟಿರಲಿಲ್ಲ. ಚಪ್ಪಲಿ ಕಳಚಿ ಒಳಗೆ ಹೋದ. ಹನ್ನೊಂದು ವರ್ಷದ ಗೌತಮಿ ಗೋಡೆಗೊರಗಿ ಕಾಲು ನೀಡಿ ಕೂತಿದ್ದಳು. ಎಡಗಾಲಿನ ಹಿಮ್ಮಡಿಗೆ ಮಂಜುಗಡ್ಡೆಯ ಚೀಲ. ಮಿಸ್ ಚೀಲ ಸರಿಸಿ ಹಿಮ್ಮಡಿಯ ಎರಡೂ ಬದಿಯನ್ನು ಬೆರಳಲ್ಲಿ ಮೆಲ್ಲನೆ ಒತ್ತಿದರು. ಗೌತಮಿ ತುಟಿ ಕಚ್ಚಿದಳು.

“ಎಷ್ಟು ದಿನದಿಂದ ನೋವು?”

“ಓಣಂ ರಜೆಯಿಂದ” ಎಂದಳು, ಅಪ್ಪನ ಕಡೆ ನೋಡದೆ. ಓಣಂ ಕಳೆದು ಒಂದೂವರೆ ತಿಂಗಳಾಗಿತ್ತು.

“ನಾನು ಮನೆಗೆ ಕೊಟ್ಟದ್ದು ಹದಿನೈದು ನಿಮಿಷದ ಅಭ್ಯಾಸ” ಎಂದು ಮಿಸ್ ಅವನತ್ತ ತಿರುಗಿದರು. “ನೀವೆಷ್ಟು ಮಾಡಿಸ್ತೀರಿ?”

“ಬೆಳಿಗ್ಗೆ ಒಂದು ಗಂಟೆ. ಶಾಲೆ ಇಲ್ಲದ ದಿನ ಸಂಜೆಗೂ...” ಅವನ ಸ್ವರ ಇಳಿಯುತ್ತ ಬಂತು. “ವೀಡಿಯೊ ನೋಡಿ ಮಾಡಿಸಿದ್ದು. ಬೆಂಗಳೂರಿನ ಆಯ್ಕೆ ಉಂಟಲ್ಲ ಅಂತ.”

ಮುಂದೆ ಇದನ್ನೇ ವೃತ್ತಿ ಮಾಡಿಕೊಳ್ಳಬಲ್ಲ ಮಕ್ಕಳನ್ನು ಬೆಂಗಳೂರಿನ ಬ್ಯಾಲೆ ಶಾಲೆಯೊಂದು ವರ್ಷಕ್ಕೊಮ್ಮೆ ಆರಿಸಿ, ರಜೆಗಳಲ್ಲಿ ಕರೆಸಿಕೊಂಡು ತರಬೇತಿ ಕೊಡುತ್ತಿತ್ತು. ಆಯ್ಕೆ ಬರುವ ತಿಂಗಳು.

“ಇದು ಇನ್ನೂ ಬೆಳೆಯುವ ಎಲುಬು. ಇಷ್ಟು ತಡೆಯುವುದಿಲ್ಲ. ಡಾಕ್ಟರಿಗೆ ತೋರಿಸಿ. ಆರು ವಾರ ಹಾರುವುದೂ ಬೇಡ, ತುದಿಗಾಲಲ್ಲಿ ನಿಲ್ಲುವುದೂ ಬೇಡ. ಬೆಂಗಳೂರಿಗೆ ಈ ಸಲ ನಾನು ಕಳಿಸುವುದಿಲ್ಲ.” ಮಿಸ್ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಹಿಂತಿರುಗುವ ಬಸ್ಸಿನಲ್ಲಿ ಮಗಳನ್ನು ಕಿಟಕಿಯ ಬದಿ ಕೂರಿಸಿ, ನೋಯುವ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ತಲಪಾಡಿ ದಾಟಿದ ಮೇಲೆ ಕೇಳಿದ.

“ನೋವು ಉಂಟು ಅಂತ ನನ್ನ ಹತ್ರ ಯಾಕೆ ಹೇಳ್ಲಿಲ್ಲ ಮಗಾ? ನಾನು ಬೈತೇನೆ ಅಂತಲಾ?”

“ಅಲ್ಲ.”

“ಮತ್ತೆಂತ?”

“ಹೇಳಿದ್ರೆ ಕ್ಲಾಸ್ ನಿಲ್ತದೆ. ಮತ್ತೆ ನಿಂಗೆ ಶನಿವಾರ ಎಂತ ಉಂಟು ಅಪ್ಪಾ?”

ಮುರಳೀಕೃಷ್ಣ ಅವಳ ಮುಖವನ್ನೇ ನೋಡಿದ. ಶಾರ್ಜಾದ ಕಂಪೆನಿ ಮುಚ್ಚಿ ಊರಿಗೆ ಮರಳಿದ ಮೇಲೆ ಕುಂಬಳೆ ಹತ್ತಿರದ ಅನಂತಪುರದ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಸಂಜೆ ಬಂದು ಮೊಬೈಲು ಹಿಡಿದು ಸೋಫಾದಲ್ಲಿ ಬಿದ್ದುಕೊಂಡನೆಂದರೆ ಏಳುವುದು ಊಟಕ್ಕೆ. ಭಾನುವಾರದ ರಜೆಯನ್ನು ಹಟ ಹಿಡಿದು ಶನಿವಾರಕ್ಕೆ ಮಾಡಿಸಿಕೊಂಡಿದ್ದ. ಅವತ್ತು ಮಾತ್ರ ಗಡ್ಡ ತೆಗೆದು, ಇಸ್ತ್ರಿ ಅಂಗಿ ತೊಟ್ಟು, ಸೀಟಿ ಹೊಡೆಯುತ್ತ ಹೊರಡುತ್ತಿದ್ದ. ಅದನ್ನು ಇವಳು ಗಮನಿಸಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ.

ಅವಳ ಕಾಲು ಜಾರದಂತೆ ಹಿಡಿದುಕೊಂಡು ಕೇಳಿದ, “ನಿಂಗೆ ಈ ಡ್ಯಾನ್ಸ್ ಇಷ್ಟ ಉಂಟಾ? ಸತ್ಯ ಹೇಳ್ಬೇಕು.”

“ಡ್ಯಾನ್ಸ್ ಇಷ್ಟ ಉಂಟು. ನೀನು ಬೆಳಿಗ್ಗೆ ಮಾಡಿಸುವುದು ಇಷ್ಟ ಇಲ್ಲ.”

“ಆಯ್ತು. ನಾಳೆಯಿಂದ ಅದು ಇಲ್ಲ” ಎಂದ. ಗೌತಮಿ ಅವನ ಭುಜಕ್ಕೆ ತಲೆಯಿಟ್ಟಳು. ಕುಂಬಳೆ ಬರುವಷ್ಟರಲ್ಲಿ ನಿದ್ದೆ ಹೋಗಿದ್ದಳು.

ಡಾಕ್ಟರೂ ಮಿಸ್ ಹೇಳಿದ್ದನ್ನೇ ಹೇಳಿದರು. ಮುಂದಿನ ಶನಿವಾರ ಅವನು ಮನೆಯಲ್ಲೇ ಇರೋಣವೆಂದರೆ ಗೌತಮಿ ಕೇಳಲಿಲ್ಲ. “ರೆಸ್ಟ್ ಬೇಕಾದದ್ದು ಕಾಲಿಗೆ. ಕೈಗೆ ಎಂತ ಆಗಿದೆ?”

ಮಿಸ್ ಅವಳನ್ನು ಉಳಿದ ಮಕ್ಕಳ ನಡುವೆ ಒಂದು ಕುರ್ಚಿಯಲ್ಲಿ ಕೂರಿಸಿ, ಕೈಗಳ ಚಲನೆಯನ್ನಷ್ಟೇ ಮಾಡಲು ಹೇಳಿದರು. ಪಿಯಾನೋ ಶುರುವಾಯಿತು. ಮುರಳೀಕೃಷ್ಣ ಬಾಗಿಲಲ್ಲಿ ನಿಂತು ನೋಡಿದ. ಮನೆಯಲ್ಲಾದರೆ ಪ್ರತಿ ಸಲ ಕೈಯೆತ್ತಿದಾಗಲೂ ಸರಿಯೋ ತಪ್ಪೋ ಎಂದು ಅವನ ಮುಖ ನೋಡುತ್ತಿದ್ದಳು. ಇಲ್ಲಿ ಅವಳು ಬಾಗಿಲ ಕಡೆ ತಿರುಗಲೇ ಇಲ್ಲ. ಅವಳ ಕೈ ನಿಧಾನವಾಗಿ ಮೇಲೇರಿ, ಗಾಳಿಯಲ್ಲಿ ಒಂದು ಗಳಿಗೆ ತಡೆದು, ಇಳಿಯಿತು. ಅಷ್ಟು ಚೆಂದವಾದದ್ದನ್ನು ತಾನು ಕಲಿಸಿರಲಿಲ್ಲ ಎಂದು ಅವನಿಗೆ ಅನಿಸಿತು.

“ಇನ್ನು ಒಂದೂವರೆ ಗಂಟೆ ಉಂಟು. ನೀವೆಲ್ಲಾದ್ರೂ ಹೋಗಿ ಬನ್ನಿ” ಎಂದು ಮಿಸ್ ಬಾಗಿಲು ಹಾಕಿಕೊಂಡರು.

ಎಲ್ಲಿಗೆಂದು ಹೋಗುವುದು? ಗೊತ್ತುಗುರಿಯಿಲ್ಲದೆ ನಡೆದವನು ನೆಹರೂ ಮೈದಾನದ ಅಂಚಿಗೆ ಬಂದು ನಿಂತ. ಹಿಂದಿನ ದಿನದ ಮಳೆಗೆ ನೆಲ ಇನ್ನೂ ಒದ್ದೆಯಾಗಿತ್ತು. ಅವನ ವಯಸ್ಸಿನವರೇ ಕೆಲವರು ಕ್ರಿಕೆಟ್ ಆಡುತ್ತಿದ್ದರು. ಹೊಟ್ಟೆ ಬಂದ ಒಬ್ಬ ಕೈ ಬೀಸಿ ಕೂಗಿದ, “ನಮಗೆ ಒಂದು ಜನ ಕಡಿಮೆ ಉಂಟು ಮಾರಾಯ್ರೆ, ಬರ್ತೀರಾ?”

ಅವನು ಓಡುತ್ತ ವಾಪಸು ಬರುವಾಗ ತರಗತಿ ಬಿಟ್ಟು ಕಾಲು ಗಂಟೆ ಕಳೆದಿತ್ತು. ಉಳಿದ ಮಕ್ಕಳೆಲ್ಲ ಹೋಗಿಯಾಗಿತ್ತು. ಮೆಟ್ಟಿಲ ಮೇಲೆ ಮಿಸ್ ಪಕ್ಕದಲ್ಲಿ ಕೂತಿದ್ದ ಗೌತಮಿ, ಮಂಡಿಯವರೆಗೆ ಕೆಸರಾದ ಅವನ ಪ್ಯಾಂಟನ್ನೂ ಗುಂಡಿ ಕಿತ್ತುಹೋದ ಅಂಗಿಯನ್ನೂ ಮೇಲಿಂದ ಕೆಳಗೆ ನೋಡಿದಳು.

“ಕ್ರಿಕೆಟ್...” ಎಂದ ಅವನು ಏದುಸಿರು ಬಿಡುತ್ತ.

“ಗೆದ್ರಾ?”

“ಸೋತದ್ದು” ಎನ್ನುವಾಗ ಅವನಿಗೆ ನಗು ತಡೆಯಲಾಗಲಿಲ್ಲ.

ಗೌತಮಿ ತನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದು ಅವನ ಕೈಗೆ ಕೊಟ್ಟಳು. “ಮೊದಲು ನೀರು ಕುಡಿ, ಮೆಲ್ಲ. ಮತ್ತೆ ಹೇಳು, ನೀನು ಎಷ್ಟು ಹೊಡೆದದ್ದು?”